ಸ್ನಾನಗೃಹದ ನವೀಕರಣ: ನೆಲದಡಿಯ ಖರ್ಚಿನ ಲೆಕ್ಕ ಮೊದಲು

ಹತ್ತು ಕ್ವಿಂಟಲ್ ತೊಗರಿ ಖರೀದಿಸುವ ಮುನ್ನ ಹಮಾಲಿ, ತೂಕದ ಕೊರತೆ, ಸಾಗಣೆ, ಗೋದಾಮಿನ ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕುವ ವರ್ತಕರು, ತಮ್ಮ ಮನೆಯ ಅಥವಾ ಅಂಗಡಿಯ ಸ್ನಾನಗೃಹವನ್ನು ಹೊಸದಾಗಿ ಮಾಡಿಸುವಾಗ ಮಾತ್ರ ಲೆಕ್ಕವನ್ನು ಟೈಲ್ಸ್ ಅಂಗಡಿಯಿಂದ ಆರಂಭಿಸುವುದುಂಟು. ಟೈಲ್ಸ್, ಕಮೋಡ್, ನಳ, ಕನ್ನಡಿ ಇವುಗಳ ಬೆಲೆ ಕಣ್ಣಿಗೆ ಕಾಣುತ್ತದೆ. ರಿಯಾಯಿತಿ ಕೇಳಲು ಬರುತ್ತದೆ. ನೆಲದ ಕೆಳಗೆ ಹೋಗುವ ಪೈಪು, ಗೋಡೆಯೊಳಗೆ ಅಡಗುವ ಜೋಡಣೆ, ಅಂಗಳದಲ್ಲಿ ತೋಡಬೇಕಾದ ಕಾಲುವೆ ಇವು ಯಾವ ಮಳಿಗೆಯ ಪ್ರದರ್ಶನದಲ್ಲಿಯೂ ಇರುವುದಿಲ್ಲ. ಆದ್ದರಿಂದಲೇ ಇವು ಅಂದಾಜು ಪಟ್ಟಿಯಿಂದ ಹೊರಗುಳಿದು, ಕೆಲಸ ಅರ್ಧಕ್ಕೆ ಬಂದಾಗ ಒಮ್ಮೆಲೇ ಎದುರಾಗುತ್ತವೆ. ಆ ಹೊತ್ತಿಗೆ ಹಳೆಯ ನೆಲ ಒಡೆದಾಗಿರುತ್ತದೆ. ಮನೆಯವರು ನೆರೆಮನೆಯ ಬಚ್ಚಲನ್ನು ಆಶ್ರಯಿಸಿರುತ್ತಾರೆ. ಚೌಕಾಸಿಗೆ ಅವಕಾಶವೂ ಉಳಿದಿರುವುದಿಲ್ಲ.

ಈ ತೊಂದರೆಯನ್ನು ತಪ್ಪಿಸಲು ಒಂದೇ ಸೂತ್ರವನ್ನು ಪಾಲಿಸಿದರೆ ಸಾಕು: ಲೆಕ್ಕವು ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲನೆಯದು, ಅದು ಯಾವ ಇಳಿಜಾರಿನಲ್ಲಿ ಹೋಗುತ್ತದೆ ಎಂಬುದು ಎರಡನೆಯದು, ಶುದ್ಧ ನೀರು ಎಲ್ಲಿಂದ ಯಾವ ಒತ್ತಡದಲ್ಲಿ ಬರುತ್ತದೆ ಎಂಬುದು ಮೂರನೆಯದು. ಟೈಲ್ಸ್ ಮತ್ತು ನಳಗಳ ಸರದಿ ಇವೆಲ್ಲವುಗಳ ನಂತರ. ಕಲಬುರಗಿ ನಗರ ಹಾಗೂ ಕಮಲಾಪುರದ ಮಣ್ಣು, ನೀರು ಮತ್ತು ಕಟ್ಟಡಗಳ ಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಲೆಕ್ಕದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಳೆಯ ಬಚ್ಚಲಿನಿಂದ ಹೊಸ ಸ್ನಾನಗೃಹಕ್ಕೆ

ಕಲಬುರಗಿಯ ಹಳೆಯ ಮನೆಗಳಲ್ಲಿ ಬಚ್ಚಲು ಮತ್ತು ಸಂಡಾಸು ಒಂದೇ ಕಡೆ ಇರುತ್ತಿರಲಿಲ್ಲ. ಹಂಡೆ, ಒಲೆ ಸಹಿತವಾದ ಬಚ್ಚಲು ಅಡುಗೆಮನೆಯ ಸಮೀಪದಲ್ಲಿ, ಸಂಡಾಸು ಹಿತ್ತಲಿನ ಮೂಲೆಯಲ್ಲಿ ಇರುವುದು ವಾಡಿಕೆ. ಬಚ್ಚಲಿನ ನೆಲಕ್ಕೆ ಶಹಾಬಾದ್ ಪರಸಿ, ನೀರು ಹೊರಹೋಗಲು ಗೋಡೆಯಲ್ಲೊಂದು ತೂತು, ಹೊರಗೆ ತೆರೆದ ಗಟಾರ. ಇಂದು ನವೀಕರಣ ಎಂದರೆ ಬಹುತೇಕ ಈ ಎರಡನ್ನೂ ಮನೆಯೊಳಗೆ ಒಂದೇ ಕೋಣೆಗೆ ತರುವುದು. ಬಚ್ಚಲಿದ್ದ ಜಾಗದಲ್ಲಿ ಕಮೋಡ್ ಕೂಡಿಸುವುದೆಂದರೆ, ಸ್ನಾನದ ನೀರು ಮಾತ್ರ ಹರಿಯುತ್ತಿದ್ದ ದಾರಿಯಲ್ಲಿ ಮಲಜಲದ ಹೊಸ ಮಾರ್ಗವನ್ನೇ ನಿರ್ಮಿಸುವುದು ಎಂದರ್ಥ. ಇದು ದುರಸ್ತಿಯಲ್ಲ, ಹೊಸ ಕಾಮಗಾರಿ. ಅಂದಾಜು ಪಟ್ಟಿಯಲ್ಲಿಯೂ ಅದನ್ನು ಹಾಗೆಯೇ ಪರಿಗಣಿಸಬೇಕು.

ಪರಸಿ ನೆಲವನ್ನು ತೆಗೆಯುವುದಕ್ಕೂ ಪ್ರತ್ಯೇಕ ಲೆಕ್ಕ ಬೇಕು. ಜಾಗರೂಕತೆಯಿಂದ ಎಬ್ಬಿಸಿದ ಪರಸಿಯನ್ನು ಅಂಗಳಕ್ಕೋ ಹೊರಗಿನ ಚೇಂಬರಿನ ಮುಚ್ಚಳಕ್ಕೋ ಮರುಬಳಕೆ ಮಾಡಬಹುದು. ಒಡೆದು ತೆಗೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಕಲ್ಲುಮಣ್ಣು ಸಾಗಿಸುವ ಟ್ರಾಕ್ಟರ್ ಖರ್ಚು ಹೆಚ್ಚುತ್ತದೆ. ಕೋಟೆಯ ಸುತ್ತಲಿನ ಹಳೆಯ ಭಾಗದಂಥ ಇಕ್ಕಟ್ಟಾದ ಓಣಿಗಳಲ್ಲಿ ಟ್ರಾಕ್ಟರ್ ಬಾಗಿಲವರೆಗೆ ಬಾರದಿದ್ದರೆ, ಬುಟ್ಟಿಯಲ್ಲಿ ಹೊರುವ ಕೂಲಿಯನ್ನೂ ಸೇರಿಸಿಕೊಳ್ಳಬೇಕಾಗುತ್ತದೆ. ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ಗೋಡೆ ಕೊರೆದು ಪೈಪನ್ನು ಅಡಗಿಸುವ ಆಸೆಯನ್ನು ಬಿಡುವುದೇ ಒಳ್ಳೆಯದು. ಪೈಪನ್ನು ಗೋಡೆಯ ಮೇಲೆಯೇ ಒಯ್ದು, ಅದರ ಮುಂದೆ ತೆಳುವಾದ ಇಟ್ಟಿಗೆಯ ಆವರಣ ಕಟ್ಟುವುದು ಕಡಿಮೆ ಖರ್ಚಿನ ಹಾಗೂ ಮುಂದೆ ದುರಸ್ತಿಗೆ ಅನುಕೂಲವಾದ ಮಾರ್ಗ.

ಕಮೋಡಿನ ಸ್ಥಳ ಬದಲಾಗುವುದೇ?

ಇಡೀ ಆಯವ್ಯಯವನ್ನು ನಿರ್ಧರಿಸುವ ಪ್ರಶ್ನೆ ಇದೊಂದೇ. ವಾಶ್ ಬೇಸಿನ್ನನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಸಲು ಸಣ್ಣ ಪೈಪು ಸಾಕು. ಶವರನ್ನು ಸರಿಸಲು ನೀರಿನ ಪೈಪನ್ನು ಎರಡು ಮೂರು ಅಡಿ ವಿಸ್ತರಿಸಿದರಾಯಿತು. ಆದರೆ ಕಮೋಡ್ ಸರಿದರೆ ಅದರೊಡನೆ 110 ಮಿ.ಮೀ. ವ್ಯಾಸದ ಪೈಪು, ಅದರ ಇಳಿಜಾರು, ನೆಲದ ಎತ್ತರ, ಹೊರಗಿನ ಚೇಂಬರು ಎಲ್ಲವೂ ಸರಿಯುತ್ತವೆ.

ಇಳಿಜಾರಿನ ಲೆಕ್ಕವನ್ನು ಉದಾಹರಣೆಯೊಂದಿಗೆ ನೋಡಬಹುದು. ಈ ಅಳತೆಯ ಪೈಪಿಗೆ ಸಾಮಾನ್ಯವಾಗಿ 40ಕ್ಕೆ 1ರಂತೆ ಇಳಿಜಾರು ಕೊಡಲಾಗುತ್ತದೆ. ಕಮೋಡನ್ನು 8 ಅಡಿ, ಅಂದರೆ ಸುಮಾರು 2,400 ಮಿ.ಮೀ. ದೂರ ಸರಿಸಿದರೆ ಪೈಪು ತನ್ನ ದಾರಿಯಲ್ಲಿ 60 ಮಿ.ಮೀ. ಇಳಿಯಬೇಕು. ಪೈಪಿನ ವ್ಯಾಸ 110 ಮಿ.ಮೀ., ಅದರ ಮೇಲೆ ಕನಿಷ್ಠ 30 ಮಿ.ಮೀ. ಕಾಂಕ್ರೀಟ್ ಹೊದಿಕೆ. ಒಟ್ಟು 200 ಮಿ.ಮೀ., ಅಂದರೆ ಸುಮಾರು 8 ಅಂಗುಲ ಆಳ ಬೇಕಾಯಿತು. ನೆಲಮಹಡಿಯಲ್ಲಾದರೆ ಅಗೆದು ಈ ಆಳವನ್ನು ಪಡೆಯಬಹುದು. ಮೇಲ್ಮಹಡಿಯಲ್ಲಿ ಸ್ನಾನಗೃಹಕ್ಕೆಂದೇ ತಗ್ಗಿಸಿದ ಸ್ಲ್ಯಾಬ್ ಇಲ್ಲದಿದ್ದರೆ ಉಳಿಯುವುದು ಮೂರೇ ದಾರಿ. ನೆಲವನ್ನು 8 ಅಂಗುಲ ಎತ್ತರಿಸುವುದು ಒಂದು. ಇದರಿಂದ ಬಾಗಿಲಲ್ಲಿ ಮೆಟ್ಟಿಲು ಏರ್ಪಟ್ಟು ವಯಸ್ಸಾದವರು ಎಡವುತ್ತಾರೆ. ಪೈಪನ್ನು ಕೆಳಮಹಡಿಯ ಛಾವಣಿಯಡಿ ಒಯ್ಯುವುದು ಇನ್ನೊಂದು. ಕೆಳಗೆ ಬಾಡಿಗೆದಾರರ ಅಂಗಡಿಯಿದ್ದರೆ ಇದು ಜಗಳಕ್ಕೆ ಮೂಲ. ಕಮೋಡನ್ನು ಹೊರಗೋಡೆಗೆ ಹತ್ತಿಸಿ, ಗೋಡೆಯ ಮೂಲಕವೇ ಪೈಪನ್ನು ಹೊರಗೆ ತೆಗೆದು ಕೆಳಗಿಳಿಸುವುದು ಮೂರನೆಯದು. ಸಾಧ್ಯವಿರುವಲ್ಲೆಲ್ಲ ಈ ಮೂರನೆಯ ದಾರಿಯೇ ಉತ್ತಮ.

ಕಮೋಡನ್ನು ಖರೀದಿಸುವ ಮುನ್ನ ಅದು ನೆಲದೊಳಗೆ ಇಳಿಯುವ ಎಸ್-ಟ್ರ್ಯಾಪ್ ಮಾದರಿಯದೋ ಗೋಡೆಯತ್ತ ಹೋಗುವ ಪಿ-ಟ್ರ್ಯಾಪ್ ಮಾದರಿಯದೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಎಸ್-ಟ್ರ್ಯಾಪ್ ಆದರೆ ಗೋಡೆಯಿಂದ ಪೈಪಿನ ಮಧ್ಯಬಿಂದುವಿಗೆ ಇರುವ ಅಂತರ ಮುಖ್ಯ. ಈ ಅಂತರವನ್ನು ಟೈಲ್ಸ್ ಹಚ್ಚಿ ಮುಗಿದ ಗೋಡೆಯಿಂದ ಎಣಿಸಬೇಕೇ ಹೊರತು ಗಿಲಾವು ಕಿತ್ತ ಗೋಡೆಯಿಂದಲ್ಲ. ಒಂದು ಅಂಗುಲದ ಈ ವ್ಯತ್ಯಾಸದಿಂದ ಅಂಗಡಿಗೆ ಮರಳುವ ಕಮೋಡುಗಳೆಷ್ಟೋ.

ಎರೆಮಣ್ಣು ಮತ್ತು ಹೊರಗಿನ ಪೈಪು

ಸ್ನಾನಗೃಹದ ಗೋಡೆಯಾಚೆಗೆ ಅಂದಾಜು ಪಟ್ಟಿ ಮುಗಿಯುವುದಿಲ್ಲ. ಗೋಡೆಯಿಂದ ಬೀದಿಯ ಒಳಚರಂಡಿಯವರೆಗಿನ ಪೈಪೂ ಮಾಲೀಕರ ಖರ್ಚೇ. ಕಲಬುರಗಿಯ ಬಹುಭಾಗ ಎರೆಮಣ್ಣಿನ ಸೀಮೆ. ಮಳೆಗಾಲದಲ್ಲಿ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮಣ್ಣಿನೊಳಗೆ ನೇರವಾಗಿ ಹೂಳಿದ ಪೈಪು ವರ್ಷಕ್ಕೊಮ್ಮೆ ಮೇಲೆ ಕೆಳಗೆ ಅಲುಗಿ, ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಸೋರಿದ ನೀರು ಅದೇ ಮಣ್ಣನ್ನು ಇನ್ನಷ್ಟು ಉಬ್ಬಿಸಿ ಪಾಯದ ಬಳಿ ಬಿರುಕಿಗೆ ಕಾರಣವಾಗುತ್ತದೆ. ಸಾವಿರ ರೂಪಾಯಿಯ ಜೋಡಣೆಯೊಂದು ಕೆಟ್ಟು ಗೋಡೆಯ ದುರಸ್ತಿಗೆ ಎಡೆಮಾಡುವುದು ಹೀಗೆ.

ಆದ್ದರಿಂದ ಕಾಲುವೆಯನ್ನು ಪೈಪಿಗೆ ಬೇಕಾದುದಕ್ಕಿಂತ ಅಗಲವಾಗಿ ಮತ್ತು ಆಳವಾಗಿ ತೋಡಿ, ಎರೆಮಣ್ಣನ್ನು ಹೊರಹಾಕಿ, ಪೈಪಿನ ಕೆಳಗೂ ಸುತ್ತಲೂ ನಾಲ್ಕರಿಂದ ಆರು ಅಂಗುಲ ಮರಳು ಅಥವಾ ಮೊರಂ ತುಂಬಬೇಕು. ಈ ಮೊರಂ, ಅದರ ಸಾಗಣೆ ಮತ್ತು ತೆಗೆದ ಮಣ್ಣಿನ ವಿಲೇವಾರಿ ಮೂರೂ ಪಟ್ಟಿಯಲ್ಲಿರಬೇಕು. ತಿರುವು ಇದ್ದಲ್ಲೆಲ್ಲ ಒಂದು ಚೇಂಬರ್ ಕಟ್ಟಿಸಿದರೆ ಮುಂದೆ ಕಟ್ಟಿಕೊಂಡಾಗ ನೆಲ ಒಡೆಯುವ ಪ್ರಮೇಯ ಬರುವುದಿಲ್ಲ.

ಪೈಪಿನ ಗುಣಮಟ್ಟದಲ್ಲಿಯೂ ಎಚ್ಚರಿಕೆ ಅಗತ್ಯ. ಮಲಜಲ ಮತ್ತು ಬಚ್ಚಲ ನೀರಿನ ಯುಪಿವಿಸಿ ಪೈಪುಗಳಿಗೆ ಅನ್ವಯಿಸುವ ಭಾರತೀಯ ಮಾನಕ ಐಎಸ್ 13592. ಇದರಲ್ಲಿ ಎ ಮತ್ತು ಬಿ ಎಂಬ ಎರಡು ವರ್ಗಗಳಿವೆ. ಎ ವರ್ಗದ ಪೈಪು ಗಾಳಿ ಹೊರಹೋಗಲು ಮತ್ತು ಮಳೆನೀರಿಗೆ. ಮಲಜಲಕ್ಕೆ ದಪ್ಪವಾದ ಬಿ ವರ್ಗದ ಪೈಪೇ ಆಗಬೇಕು. ಎರಡೂ ಹೊರನೋಟಕ್ಕೆ ಒಂದೇ ರೀತಿ ಕಾಣುವುದರಿಂದ, ದರಪತ್ರದಲ್ಲಿ ಕೇವಲ ‘ನಾಲ್ಕು ಇಂಚಿನ ಪೈಪು’ ಎಂದು ಬರೆದಿದ್ದರೆ ಯಾವ ವರ್ಗದ್ದೆಂದು ಕೇಳಿ ಬರೆಯಿಸಿಕೊಳ್ಳಬೇಕು. ಎರಡು ದರಪತ್ರಗಳ ನಡುವಿನ ಅಂತರಕ್ಕೆ ಕೆಲವೊಮ್ಮೆ ಕಾರಣ ಇದೇ ಆಗಿರುತ್ತದೆ.

ಕಮಲಾಪುರದ ಲೆಕ್ಕ ಬೇರೆ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಮಾಲೀಕರಿಗೆ ಎರಡು ಬಾಬತ್ತುಗಳು ಹೆಚ್ಚಾಗಿ ಬೀಳುತ್ತವೆ.

ಮೊದಲನೆಯದು ಸಾಗಣೆ ಮತ್ತು ಕಾಯುವಿಕೆ. ಬ್ರಾಂಡೆಡ್ ನಳ, ಗೋಡೆಯೊಳಗಿನ ಡೈವರ್ಟರ್, ಅಪರೂಪದ ಅಳತೆಯ ಜೋಡಣೆಗಳಿಗೆ ಕಲಬುರಗಿಗೇ ಬರಬೇಕಾಗುತ್ತದೆ. ಒಂದು ಎಲ್ಬೋ ಕಡಿಮೆಯಾದರೂ ಪ್ಲಂಬರ್ ಮತ್ತು ಅವನ ಸಹಾಯಕನ ಅರ್ಧ ದಿನದ ಮಜೂರಿ ವ್ಯರ್ಥ. ಪ್ಲಂಬರ್ ಕೈಯಿಂದ ಸಂಪೂರ್ಣ ಪಟ್ಟಿ ಮಾಡಿಸಿ, ಸಣ್ಣ ಜೋಡಣೆಗಳನ್ನು ಹತ್ತಕ್ಕೆ ಒಂದರಂತೆ ಹೆಚ್ಚಾಗಿ ತಂದು, ಉಳಿದುದನ್ನು ಹಿಂದಿರುಗಿಸುವ ಮಾತನ್ನು ಅಂಗಡಿಯವರೊಂದಿಗೆ ಮೊದಲೇ ಆಡಿಕೊಳ್ಳುವುದು ಜಾಣತನ.

ಎರಡನೆಯದು ಸೆಪ್ಟಿಕ್ ಟ್ಯಾಂಕ್. ಬೀದಿಯಲ್ಲಿ ಒಳಚರಂಡಿ ಜಾಲವಿಲ್ಲದ ಕಡೆ ಮಲಜಲವೆಲ್ಲ ಮಾಲೀಕರ ನಿವೇಶನದಲ್ಲಿಯೇ ಉಳಿಯಬೇಕು. ಹಿತ್ತಲ ಸಂಡಾಸಿಗೆಂದು ತೋಡಿದ್ದ ಹಳೆಯ ಗುಂಡಿಗೆ ಹೊಸ ಸ್ನಾನಗೃಹದ ಶವರ್ ನೀರು, ಬಟ್ಟೆ ಒಗೆಯುವ ಯಂತ್ರದ ನೀರು ಎಲ್ಲವನ್ನೂ ತಿರುಗಿಸಿದರೆ ಅದು ಕೆಲವೇ ತಿಂಗಳಲ್ಲಿ ತುಂಬಿ ಹರಿಯುತ್ತದೆ. ಎರೆಮಣ್ಣಿನಲ್ಲಿ ನೀರು ಬೇಗನೆ ಇಂಗುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸೆಪ್ಟಿಕ್ ಟ್ಯಾಂಕಿಗೆ ಸಂಬಂಧಿಸಿದ ಮಾನಕ ಐಎಸ್ 2470. ಇಂಗುವ ವ್ಯವಸ್ಥೆಯು ಬಾವಿಯಂಥ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂದು ಅದು ಹೇಳುತ್ತದೆ. ಸಣ್ಣ ನಿವೇಶನದಲ್ಲಿ ಬೋರ್‌ವೆಲ್ ಮತ್ತು ಗುಂಡಿ ಎರಡೂ ಇದ್ದಲ್ಲಿ, ಕಮೋಡಿನ ಬಣ್ಣ ಆರಿಸುವ ಮೊದಲೇ ಈ ದೂರವನ್ನು ಟೇಪು ಹಿಡಿದು ಅಳೆಯಬೇಕು.

ಗುಂಡಿಯ ಮೇಲಿನ ಹೊರೆಯನ್ನು ಕಡಿಮೆ ಮಾಡುವ ಸುಲಭ ಉಪಾಯ ಎರಡು ಗುಂಡಿಗಳ ಫ್ಲಶ್. ಐದು ಜನರ ಕುಟುಂಬದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಐದು ಬಾರಿ ಫ್ಲಶ್ ಮಾಡುತ್ತಾರೆಂದು ಭಾವಿಸೋಣ. 10 ಲೀಟರಿನ ಹಳೆಯ ಟ್ಯಾಂಕಿನಿಂದ ದಿನಕ್ಕೆ 250 ಲೀಟರ್ ನೀರು ಹೋಗುತ್ತದೆ. 6 ಮತ್ತು 3 ಲೀಟರಿನ ಫ್ಲಶ್ ಆದರೆ ಒಬ್ಬರಿಗೆ ಒಂದು ಪೂರ್ಣ, ನಾಲ್ಕು ಅರ್ಧ ಎಂದು 18 ಲೀಟರ್, ಐವರಿಗೆ 90 ಲೀಟರ್. ದಿನಕ್ಕೆ 160 ಲೀಟರ್ ಉಳಿತಾಯ. ಆದರೆ ಕಡಿಮೆ ನೀರಿನ ಫ್ಲಶ್ ಕೆಲಸ ಮಾಡಬೇಕಾದರೆ ಪೈಪಿನ ಇಳಿಜಾರು ಸರಿಯಾಗಿರಲೇಬೇಕೆಂಬುದನ್ನು ಮರೆಯಬಾರದು. ಸ್ನಾನದ ನೀರನ್ನು ಬೇರೆ ಪೈಪಿನಲ್ಲಿ ತೆಗೆದು ಬಾಳೆ, ತೆಂಗಿನ ಪಾತಿಗೆ ಬಿಡುವ ವ್ಯವಸ್ಥೆಯೂ ಈ ಹಂತದಲ್ಲಿಯೇ ಅಗ್ಗ. ಟೈಲ್ಸ್ ಹಾಸಿದ ಮೇಲೆ ಅಸಾಧ್ಯ.

ಹಳೆಯ ಗುಂಡಿಯನ್ನು ಖಾಲಿ ಮಾಡಿಸುವಾಗ ಖರ್ಚು ಉಳಿಸಲು ಕೂಲಿಯವರನ್ನು ಒಳಗಿಳಿಸುವ ಯೋಚನೆಯನ್ನೇ ಮಾಡಬಾರದು. ಗುಂಡಿಯೊಳಗಿನ ವಿಷಾನಿಲ ಕ್ಷಣಾರ್ಧದಲ್ಲಿ ಪ್ರಾಣ ತೆಗೆಯುತ್ತದೆ. ಮಲ ಹೊರುವ ವೃತ್ತಿಯ ನಿಷೇಧ ಮತ್ತು ಪುನರ್ವಸತಿ ಕುರಿತ 2013ರ ಕೇಂದ್ರ ಕಾಯ್ದೆಯು ರಕ್ಷಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕ್ ಶುಚಿಗೊಳಿಸಲು ಯಾರನ್ನೂ ನೇಮಿಸುವುದನ್ನು ನಿಷೇಧಿಸಿದೆ. ಮೊದಲ ಬಾರಿಯ ಉಲ್ಲಂಘನೆಗೆ 2 ವರ್ಷಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಲು ಅವಕಾಶವಿದೆ. ಇಂಥ ಕೆಲಸದಲ್ಲಿ ಮೃತಪಟ್ಟವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಅಕ್ಟೋಬರ್ 2023ರಲ್ಲಿ ಹೇಳಿದೆ. ಹೀರುಯಂತ್ರದ ವಾಹನದ ಬಾಡಿಗೆಯನ್ನು ಅಂದಾಜು ಪಟ್ಟಿಯ ಮೊದಲ ಸಾಲಿನಲ್ಲಿಯೇ ಬರೆದಿಡುವುದು ಪ್ರತಿಯೊಬ್ಬ ಮಾಲೀಕರ ಕರ್ತವ್ಯ.

ನೀರು ಬರುವ ದಾರಿ

ಹಳೆಯ ಮನೆಗಳ ಜಿ.ಐ. ಪೈಪುಗಳು ಒಳಗಿನಿಂದ ತುಕ್ಕು ಹಿಡಿದು ಕಿರಿದಾಗಿರುತ್ತವೆ. ಸ್ನಾನಗೃಹದೊಳಗೆ ಮಾತ್ರ ಹೊಸ ಪೈಪು ಹಾಕಿ, ಮಾಳಿಗೆಯ ಟ್ಯಾಂಕಿನಿಂದ ಬರುವ ಹಳೆಯ ಜಿ.ಐ. ಪೈಪಿಗೆ ಜೋಡಿಸಿದರೆ ತುಕ್ಕಿನ ಕಣಗಳು ಹೊಸ ನಳದ ಒಳಭಾಗವನ್ನು ಕೆಡಿಸುತ್ತವೆ. ಟ್ಯಾಂಕಿನಿಂದಲೇ ಹೊಸ ಪೈಪು ಎಳೆಯುವ ಖರ್ಚನ್ನು ಸೇರಿಸಿಕೊಳ್ಳುವುದು ಲೇಸು. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಸಲ್ಲದು. ಐಎಸ್ 15778 ಮಾನಕದ ಸಿಪಿವಿಸಿ ಪೈಪನ್ನೇ ಬಳಸಬೇಕು. ಎರಡಕ್ಕೂ ಅಂಟು ಬೇರೆ ಬೇರೆ. ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಪೈಪು ಕಲಬುರಗಿಯ ಬೇಸಿಗೆಯಲ್ಲಿ ಬೇಗನೆ ಪೆಡಸಾಗುತ್ತದೆ. ಬಣ್ಣ ಬಳಿದು ಅಥವಾ ಹೊದಿಕೆ ಹಾಕಿ ರಕ್ಷಿಸಬೇಕು.

ಒತ್ತಡದ ಪ್ರಶ್ನೆಯನ್ನು ಅನೇಕರು ಕಡೆಗಣಿಸುತ್ತಾರೆ. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಕೆ.ಜಿ. ಒತ್ತಡ ಎಂಬುದು ಸರಳ ಲೆಕ್ಕ. ಮೇಲ್ಮಹಡಿಯಲ್ಲಿ ಛಾವಣಿ 3 ಮೀಟರ್ ಎತ್ತರದಲ್ಲಿದ್ದು, ಟ್ಯಾಂಕಿನ ನೀರು ಅದಕ್ಕಿಂತ ಒಂದೂವರೆ ಮೀಟರ್ ಮೇಲಿದ್ದು, ಶವರ್ ನೆಲದಿಂದ 2.1 ಮೀಟರ್ ಎತ್ತರದಲ್ಲಿದ್ದರೆ ದೊರೆಯುವ ಎತ್ತರ 2.4 ಮೀಟರ್, ಒತ್ತಡ ಕಾಲು ಕೆ.ಜಿ.ಗೂ ಕಡಿಮೆ. ಮಳಿಗೆಯಲ್ಲಿ ಮಳೆಯಂತೆ ಸುರಿದ ದೊಡ್ಡ ಶವರ್ ಮನೆಯಲ್ಲಿ ತೊಟ್ಟಿಕ್ಕುವುದು ಇದರಿಂದಲೇ. ಶವರಿಗೆ ಬೇಕಾದ ಕನಿಷ್ಠ ಒತ್ತಡವೆಷ್ಟೆಂದು ಖರೀದಿಗೆ ಮುನ್ನ ಕೇಳಬೇಕು. ಅದು ಹೆಚ್ಚಿದ್ದರೆ ಟ್ಯಾಂಕನ್ನು ಎತ್ತರಿಸುವ ಇಲ್ಲವೇ ಒತ್ತಡದ ಪಂಪು ಕೂಡಿಸುವ ಖರ್ಚನ್ನು ಶವರಿನ ಬೆಲೆಯೊಂದಿಗೇ ಕೂಡಿಸಿ ನೋಡಬೇಕು.

2000ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಅಂದಿನ ಗುಲಬರ್ಗಾ ನಗರಗಳ ಆಯ್ದ ಬಡಾವಣೆಗಳಲ್ಲಿ ದಿನದ 24 ಗಂಟೆ ನೀರು ಪೂರೈಸುವ ಪ್ರಯೋಗ ನಡೆಯಿತು. ಹೀಗೆ ಮೀಟರ್ ಸಹಿತ ನಿರಂತರ ಪೂರೈಕೆ ಇರುವ ಮನೆಯಲ್ಲಿ ಸೋರುವ ಫ್ಲಶ್ ಟ್ಯಾಂಕ್ ಎಂದರೆ ತಿಂಗಳ ಬಿಲ್ಲಿನಲ್ಲಿ ಸೋರುವ ಹಣ. ನೀರು ಕೆಲವೇ ಗಂಟೆ ಬರುವ ಬಡಾವಣೆಗಳಲ್ಲಿ ನೆಲದ ತೊಟ್ಟಿ, ಮೋಟಾರು, ಮಾಳಿಗೆಯ ಟ್ಯಾಂಕ್ ಈ ಮೂರರ ಸಾಮರ್ಥ್ಯವೂ ಹೊಸ ಸ್ನಾನಗೃಹದ ಬಳಕೆಗೆ ಸಾಲುವುದೇ ಎಂದು ನೋಡಿಕೊಳ್ಳಬೇಕು.

ಬೋರ್‌ವೆಲ್ ನೀರಿನ ಗಡಸುತನ ಇನ್ನೊಂದು ವಿಚಾರ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಸುಣ್ಣಕಲ್ಲಿನ ಪ್ರದೇಶವಿರುವ ಜಿಲ್ಲೆಯಲ್ಲಿ ಗಡಸು ನೀರು ಹೊಸ ಸಂಗತಿಯೇನಲ್ಲ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಸೂಕ್ತ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಇದಕ್ಕೂ ಮಿಗಿಲಾದ ನೀರು ಗೀಸರಿನಲ್ಲಿ ಬೇಗನೆ ಸುಣ್ಣದ ಪದರ ಕಟ್ಟುತ್ತದೆ. ನೀರನ್ನು ಪರೀಕ್ಷೆ ಮಾಡಿಸುವ ಖರ್ಚು ಅತ್ಯಲ್ಪ. ಪ್ರತಿ ಸಾಧನಕ್ಕೂ ಪ್ರತ್ಯೇಕ ವಾಲ್ವ್, ಗೀಸರ್ ಸುಲಭವಾಗಿ ಬಿಚ್ಚಲು ಯೂನಿಯನ್ ಜೋಡಣೆ ಹಾಕಿಸಿದರೆ ಮುಂದಿನ ದುರಸ್ತಿ ಗೋಡೆ ಒಡೆಯದೆ ಮುಗಿಯುತ್ತದೆ. ಗೀಸರಿಗೆ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ ಕಡ್ಡಾಯವೆಂದೇ ತಿಳಿಯಬೇಕು.

ಒಂದು ಮಾದರಿ ಲೆಕ್ಕ

ಲೆಕ್ಕದ ವಿಧಾನವನ್ನು ತೋರಿಸಲು 8 ಅಡಿಗೆ 5 ಅಡಿ ಅಳತೆಯ ಸ್ನಾನಗೃಹವೊಂದನ್ನು ಕಲ್ಪಿಸಿಕೊಳ್ಳೋಣ. ಕೆಳಗಿನ ಮೊತ್ತಗಳು ಊಹೆಯವು; ಮಾಲೀಕರು ತಮ್ಮೂರಿನ ದರಪತ್ರದ ಅಂಕಿಗಳನ್ನು ಆ ಸ್ಥಾನದಲ್ಲಿ ಬರೆದುಕೊಳ್ಳಬೇಕು.

ಕಮೋಡ್ ಇದ್ದಲ್ಲಿಯೇ ಉಳಿದರೆ:

ಒಡೆಯುವುದು ಮತ್ತು ಸಾಗಣೆ – ರೂ. 12,000
ಹೊರಹೋಗುವ ಪೈಪು, ನಹಾನಿ ಟ್ರ್ಯಾಪ್ – ರೂ. 10,000
ನೀರಿನ ಪೈಪು ಮತ್ತು ವಾಲ್ವುಗಳು – ರೂ. 18,000
ನೀರು ನಿರೋಧಕ ಲೇಪನ – ರೂ. 14,000
ಟೈಲ್ಸ್, ಗೌಂಡಿ ಮಜೂರಿ ಸಹಿತ – ರೂ. 46,000
ಕಮೋಡ್, ಬೇಸಿನ್, ನಳ, ಶವರ್ – ರೂ. 45,000
ವಿದ್ಯುತ್ ಮತ್ತು ಗೀಸರ್ ಜೋಡಣೆ – ರೂ. 10,000
ಮೊತ್ತ – ರೂ. 1,55,000
ಅನಿರೀಕ್ಷಿತ ಖರ್ಚಿಗೆ ಶೇ. 15 – ರೂ. 23,250
ಒಟ್ಟು – ರೂ. 1,78,250

ಕಮೋಡನ್ನು ಎದುರಿನ ಗೋಡೆಗೆ ಸರಿಸಿದರೆ ಈ ಪಟ್ಟಿಗೆ ಸೇರುವುವು: ಒಡೆಯುವುದಕ್ಕೆ ಹೆಚ್ಚುವರಿ 6,000, ಹೊರಹೋಗುವ ಪೈಪಿಗೆ 18,000, ನೀರು ನಿರೋಧಕ ಲೇಪನಕ್ಕೆ 4,000, ಹೊರಗಿನ ಕಾಲುವೆ, ಮೊರಂ, ಚೇಂಬರಿಗೆ 15,000, ನೆಲ ತುಂಬಿಸುವುದಕ್ಕೆ 7,000. ಹೀಗೆ 50,000 ಕೂಡಿ ಮೊತ್ತ ರೂ. 2,05,000 ಆಗುತ್ತದೆ. ಅಗೆತ ಹೆಚ್ಚಾದಂತೆ ಅನಿಶ್ಚಿತತೆಯೂ ಹೆಚ್ಚುವುದರಿಂದ ಇಲ್ಲಿ ಶೇ. 20ರಂತೆ ರೂ. 41,000 ಮೀಸಲಿಡಬೇಕು. ಒಟ್ಟು ರೂ. 2,46,000.

ಎರಡರ ನಡುವಿನ ಅಂತರ ರೂ. 67,750, ಮೊದಲಿನ ಅಂದಾಜಿನ ಶೇ. 38. ಗಮನಿಸಬೇಕಾದುದೆಂದರೆ, ಕಮೋಡು ಅದೇ, ಟೈಲ್ಸ್ ಅದೇ, ನಳವೂ ಅದೇ. ಹೆಚ್ಚಾದ ಹಣದಲ್ಲಿ ಒಂದು ರೂಪಾಯಿಯೂ ಕಣ್ಣಿಗೆ ಕಾಣುವುದಿಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ ಓಡಾಡಲು ಜಾಗ ಬೇಕೆಂಬಂಥ ಬಲವಾದ ಕಾರಣವಿದ್ದರೆ ಈ ವೆಚ್ಚ ಸಾರ್ಥಕ. ಕನ್ನಡಿ ಬಾಗಿಲಿಗೆ ಎದುರಾಗಿರಲೆಂಬಷ್ಟೇ ಕಾರಣವಾದರೆ ಮತ್ತೊಮ್ಮೆ ಯೋಚಿಸಬೇಕು.

ತೆರಿಗೆಯ ಬಾಬತ್ತು

ಪ್ಲಾಸ್ಟಿಕ್ ಪೈಪು, ನಳ, ಟೈಲ್ಸ್, ಸ್ಯಾನಿಟರಿ ಸಾಮಾನುಗಳ ಮೇಲೆ ಶೇ. 18ರ ಜಿಎಸ್‌ಟಿ ಇದೆ. ಸಿಮೆಂಟಿನ ಮೇಲಿನ ದರ 22 ಸೆಪ್ಟೆಂಬರ್ 2025ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಒಂದು ದರಪತ್ರ ತೆರಿಗೆ ಸಹಿತವಾಗಿಯೂ ಇನ್ನೊಂದು ತೆರಿಗೆ ರಹಿತವಾಗಿಯೂ ಇದ್ದರೆ ಹೋಲಿಕೆ ತಪ್ಪುತ್ತದೆ. ಎರಡನ್ನೂ ಒಂದೇ ನೆಲೆಗೆ ತಂದು ನೋಡಬೇಕು.

ನೋಂದಾಯಿತ ವರ್ತಕರು ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದೇ? ಸ್ವಂತ ಮನೆಯ ಸ್ನಾನಗೃಹಕ್ಕೆ ಸಾಧ್ಯವೇ ಇಲ್ಲ. ಅದು ವೈಯಕ್ತಿಕ ಬಳಕೆ. ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಮಾಡಿಸಿದ ಮಾತ್ರಕ್ಕೆ ಅದು ವ್ಯಾಪಾರದ ಖರ್ಚಾಗುವುದಿಲ್ಲ. ಅಂಗಡಿ, ದಾಲ್ ಮಿಲ್ಲು, ಲಾಡ್ಜಿನ ಸ್ನಾನಗೃಹವಾದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5) ಅನ್ವಯಿಸುತ್ತದೆ. ಸ್ಥಿರಾಸ್ತಿಯ ನಿರ್ಮಾಣಕ್ಕೆ ಬಳಸಿದ ಸರಕು ಸೇವೆಗಳ ಮೇಲಿನ ತೆರಿಗೆಯನ್ನು ಹಿಂಪಡೆಯಲು ಅದು ತಡೆ ಒಡ್ಡಿದೆ. ಅಲ್ಲಿ ‘ನಿರ್ಮಾಣ’ ಎಂಬ ಮಾತಿಗೆ ನವೀಕರಣ, ಬದಲಾವಣೆ ಹಾಗೂ ದುರಸ್ತಿಯೂ ಸೇರುತ್ತವೆ. ಆದರೆ ಅವುಗಳ ವೆಚ್ಚವನ್ನು ಲೆಕ್ಕಪುಸ್ತಕದಲ್ಲಿ ಆಸ್ತಿಯ ಮೌಲ್ಯಕ್ಕೆ ಸೇರಿಸಿದ ಮಟ್ಟಿಗೆ ಮಾತ್ರ. ಸೋರುವ ಪೈಪು ಬದಲಿಸಿದಂಥ ವೆಚ್ಚವನ್ನು ಆ ವರ್ಷದ ದುರಸ್ತಿ ಖರ್ಚೆಂದು ಬರೆದಿದ್ದರೆ ಈ ತಡೆ ಅನ್ವಯಿಸದು. ಯಾವುದು ದುರಸ್ತಿ, ಯಾವುದು ಹೊಸ ಆಸ್ತಿ ಎಂಬುದನ್ನು ಕೆಲಸ ಆರಂಭವಾಗುವ ಮೊದಲೇ ಲೆಕ್ಕಪರಿಶೋಧಕರೊಂದಿಗೆ ಚರ್ಚಿಸಿ, ಬಿಲ್ಲುಗಳನ್ನು ಪ್ರತ್ಯೇಕವಾಗಿ ಪಡೆಯುವುದು ಕ್ಷೇಮ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಹಿಂಪಡೆಯುವ ಪ್ರಶ್ನೆಯೇ ಇಲ್ಲದ್ದರಿಂದ ಅವರು ಪೂರ್ತಿ ತೆರಿಗೆಯನ್ನು ವೆಚ್ಚದಲ್ಲಿ ಸೇರಿಸಿಕೊಳ್ಳಬೇಕು.

ಕರಾರು ಮತ್ತು ಹಣ ಪಾವತಿ

ಪ್ಲಂಬರುಗಳು ಸಾಮಾನ್ಯವಾಗಿ ‘ಪಾಯಿಂಟ್’ ಲೆಕ್ಕದಲ್ಲಿ ಇಲ್ಲವೇ ಇಡೀ ಸ್ನಾನಗೃಹಕ್ಕೆ ಗುತ್ತಿಗೆಯಾಗಿ ಕೆಲಸ ಹಿಡಿಯುತ್ತಾರೆ. ಬಿಸಿನೀರು ಮತ್ತು ತಣ್ಣೀರು ಒಂದು ಪಾಯಿಂಟೋ ಎರಡೋ, ಗೋಡೆ ಕೊರೆಯುವುದು ಮತ್ತು ಮುಚ್ಚುವುದು ಯಾರ ಕೆಲಸ, ಹೊರಗಿನ ಚೇಂಬರ್ ಗೌಂಡಿಯದೋ ಪ್ಲಂಬರನದೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಂದಿನ ವಾದಕ್ಕೆ ಆಸ್ಪದವಿರುವುದಿಲ್ಲ.

ಹಣವನ್ನು ದಿನದ ಲೆಕ್ಕದಲ್ಲಿ ಕೊಡುವುದಕ್ಕಿಂತ ಪರೀಕ್ಷೆಯ ಲೆಕ್ಕದಲ್ಲಿ ಕೊಡುವುದು ಉತ್ತಮ. ಸಿಪಿವಿಸಿ ಪೈಪಿನ ಅಂಟು ಒಣಗಲು 24 ಗಂಟೆ ಬಿಟ್ಟು, ಕೈಪಂಪಿನಿಂದ ಒತ್ತಡ ಹಾಕಿ ನೋಡಿದ ಮೇಲೆ ಒಂದು ಕಂತು. ಹೊರಹೋಗುವ ಪೈಪಿನ ಬಾಯಿ ಮುಚ್ಚಿ ನೀರು ತುಂಬಿ, ಮಟ್ಟ ಇಳಿಯದಿದ್ದರೆ ಎರಡನೆಯ ಕಂತು. ಲೇಪನ ಮುಗಿದ ನಂತರ ನೆಲದ ಮೇಲೆ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಛಾವಣಿ ಒದ್ದೆಯಾಗದಿದ್ದರೆ ಮೂರನೆಯದು. ಟೈಲ್ಸ್ ಹಚ್ಚಲು ಅನುಮತಿ ದೊರೆಯುವುದು ಈ ಮೂರೂ ಮುಗಿದ ಮೇಲೆಯೇ. ಗೋಡೆ ಮುಚ್ಚುವ ಮುನ್ನ ಪ್ರತಿ ಗೋಡೆಯ ಪೈಪುಗಳ ಭಾವಚಿತ್ರ ತೆಗೆದು, ಮೂಲೆಯಿಂದ ಅವುಗಳ ಅಂತರವನ್ನು ಬರೆದಿಟ್ಟುಕೊಂಡರೆ ಹತ್ತು ವರ್ಷಗಳ ನಂತರ ಮೊಳೆ ಹೊಡೆಯುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಕಾಲದ ಆಯ್ಕೆಯೂ ಖರ್ಚಿನ ಒಂದು ಭಾಗವೇ. ಮಳೆಗಾಲದಲ್ಲಿ ಎರೆಮಣ್ಣಿನ ಕಾಲುವೆ ಕುಸಿಯುತ್ತದೆ. ಕಡುಬೇಸಿಗೆಯಲ್ಲಿ ನೀರು ನಿಲ್ಲಿಸಿ ಪರೀಕ್ಷಿಸಲು ನೀರೇ ದುರ್ಲಭ. ಮಳೆ ನಿಂತು ತೊಗರಿಯ ಆವಕ ಜೋರಾಗುವ ಮುಂಚಿನ ವಾರಗಳು ವರ್ತಕರಿಗೂ ಕೆಲಸಕ್ಕೂ ಅನುಕೂಲ.

ಟೈಲ್ಸ್ ಹಳತಾದರೆ ಬದಲಿಸಬಹುದು, ನಳ ಕೆಟ್ಟರೆ ಅರ್ಧ ಗಂಟೆಯಲ್ಲಿ ಹೊಸದನ್ನು ಕೂಡಿಸಬಹುದು. ನೆಲದಡಿಯ ಪೈಪನ್ನು ಮುಟ್ಟಬೇಕಾದರೆ ಮಾತ್ರ ಮೇಲಿನದೆಲ್ಲವನ್ನೂ ಕಳೆದುಕೊಳ್ಳಬೇಕು. ಹಣ ಸಾಲದೆ ಬಂದಾಗ ಬೆಲೆಬಾಳುವ ಶವರನ್ನೋ ಆಮದು ಟೈಲ್ಸನ್ನೋ ಮುಂದಿನ ವರ್ಷಕ್ಕೆ ಬಿಡಬಹುದೇ ಹೊರತು ಇಳಿಜಾರನ್ನು, ಬಿ ವರ್ಗದ ಪೈಪನ್ನು, ಮೊರಂ ಹಾಸನ್ನು ಬಿಡಬಾರದು. ಅಂದಾಜು ಪಟ್ಟಿಯ ಮೊದಲ ಸಾಲುಗಳಲ್ಲಿ ಇವುಗಳಿಗೆ ಸ್ಥಾನ ಕೊಟ್ಟ ಮಾಲೀಕರು ಟೈಲ್ಸ್ ಅಂಗಡಿಗೆ ನಿಶ್ಚಿಂತೆಯಿಂದ ಹೋಗಬಹುದು.